ಮೇಲಿನ ತೂತು ಖಾಲಿ ಇತ್ತು

ಚಾರ್ಜರ್ ಹಾಕಿದ ಲ್ಯಾಪ್‌ಟಾಪ್ ಮುಟ್ಟಿದಾಗ ಬೆರಳ ತುದಿಗೆ ಜುಮ್ ಅನ್ನೋ ಅನುಭವ ನಿಮಗೂ ಆಗಿರಬಹುದು. ಲೋಹದ ಮುಚ್ಚಳ ಇದ್ದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ನನಗೆ ಅದು ಪ್ರತಿ ಸಲ ಆಗುತ್ತಿತ್ತು. ಬೆಂಗಳೂರಿನ ರೂಮಿನಲ್ಲಿ ಆಗುತ್ತಿರಲಿಲ್ಲ. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದವನಿಗೆ ಇಷ್ಟು ಸುಳಿವು ಸಾಕಾಗಬೇಕಿತ್ತು. ಸಾಕಾಗಲಿಲ್ಲ.

ಕಳೆದ ಮೇ ಮೊದಲ ವಾರ ವರ್ಕ್ ಫ್ರಮ್ ಹೋಮ್ ಹಾಕಿಕೊಂಡು ಊರಿಗೆ ಹೋಗಿದ್ದೆ. ಆಫೀಸಿನ ಲ್ಯಾಪ್‌ಟಾಪ್ ಜೊತೆ ನನ್ನ ಗೇಮಿಂಗ್ ಲ್ಯಾಪ್‌ಟಾಪನ್ನೂ ಹೊತ್ತುಕೊಂಡು. 2020ರಲ್ಲಿ 78,000 ರೂಪಾಯಿಗೆ ಇಎಂಐ ಮೇಲೆ ತಗೊಂಡಿದ್ದು. ಶನಿವಾರ ರಾತ್ರಿ ಹಳೇ ಹಾಸ್ಟೆಲ್ ಗೆಳೆಯರು ನಾಲ್ಕು ಜನ ಆನ್‌ಲೈನ್ ಸೇರಿ ಆಡುತ್ತೇವೆ. ಒಬ್ಬ ಪುಣೆಯಲ್ಲಿ, ಒಬ್ಬ ಡಲ್ಲಾಸ್‌ನಲ್ಲಿ. ಆಟಕ್ಕಿಂತ ಬೈದಾಟವೇ ಜಾಸ್ತಿ. ಆ ಶನಿವಾರ ಆಟದ ಮಧ್ಯೆ ಬ್ಯಾಟರಿ ಖಾಲಿಯಾಗಿ ಎಲ್ಲ ಆಫ್ ಆಯ್ತು. ಸಿಟ್ಟಿನಲ್ಲಿ ಏನೋ ಗೊಣಗಿದೆ. ಅಪ್ಪ ಕೇಳಿಸಿಕೊಂಡಿದ್ದರು.

ಮರುದಿನ ನಾನು ನೆಂಟರ ಮನೆ ನಿಶ್ಚಿತಾರ್ಥಕ್ಕೆ ಹೋಗಿದ್ದಾಗ ಅಪ್ಪ ಚಾರ್ಜರ್ ಸಿಕ್ಕಿಸಿದ್ದಾರೆ, ಮಗ ಬರುವಷ್ಟರಲ್ಲಿ ಫುಲ್ ಆಗಿರಲಿ ಅಂತ. ನಾಲ್ಕು ಗಂಟೆಗೆ ಭರಣಿ ಮಳೆ ಶುರು, ಗುಡುಗಿನ ಸಮೇತ. ನಮ್ಮ ಕಡೆ ಗುಡುಗು ಕೇಳಿದರೆ ಮೊದಲ ಕೆಲಸ ಪ್ಲಗ್ ಕೀಳೋದು. ಅಜ್ಜಿ ಇದ್ದಾಗ ಜೊತೆಗೆ ಅರ್ಜುನನ ಹತ್ತು ಹೆಸರು ಹೇಳೋದೂ ಇತ್ತು. ಅಪ್ಪ ಟಿವಿಯದ್ದು ತೆಗೆದರು, ಫ್ರಿಜ್‌ನದ್ದು ತೆಗೆದರು, ಅಂಗಳದಲ್ಲಿ ಹರವಿದ್ದ ಕಾಳುಮೆಣಸು ತುಂಬಲು ಓಡಿದರು. ನನ್ನ ಕೋಣೆ ಮರೆತೇಹೋಯ್ತು. ತೋಟದಾಚೆ ತೆಂಗಿನ ಮರಕ್ಕೆ ಸಿಡಿಲು ಬಡಿದಿದ್ದು ಆಗಲೇ.

ನಾನು ಬಂದಾಗ ಕೋಣೆ ತುಂಬ ಸುಟ್ಟ ವಾಸನೆ. ಪವರ್ ಬಟನ್ ಒತ್ತಿದರೆ ಒಂದು ಲೈಟೂ ಇಲ್ಲ. ಅಪ್ಪ ಬಾಗಿಲಲ್ಲಿ ನಿಂತಿದ್ದರು.

"ಗುಡುಗುವಾಗ ಪ್ಲಗ್ ತೆಗೀಬೇಕು ಅಂತ ನಂಗೆ ಹೇಳಿಕೊಟ್ಟಿದ್ದೇ ನೀವಲ್ವಾ?" ಅಂದೆ.

ಅಪ್ಪ ಏನೂ ಹೇಳಲಿಲ್ಲ. ಅವತ್ತು ರಾತ್ರಿ ಊಟಕ್ಕೂ ಏಳಲಿಲ್ಲ. ನಾನು ಬೆಂಗಳೂರಿಗೆ ವಾಪಸ್ ಬಂದ ಮೂರನೇ ದಿನ ಫೋನಿಗೆ ಮೆಸೇಜ್: 10,000 ರೂಪಾಯಿ ಜಮೆ. ಜೊತೆಗೆ ಅಪ್ಪ ಬರೆದಿದ್ದು 'ಲ್ಯಾಪ್‌ಟಾಪ್' ಅಂತ ಒಂದೇ ಪದ. ಅವರಿಗೆ ಯುಪಿಐ ಕಲಿಸಿದ್ದೂ ನಾನೇ.

ಸರ್ವಿಸ್ ಸೆಂಟರಿನಲ್ಲಿ ಮದರ್‌ಬೋರ್ಡ್ ಬದಲಾಯಿಸಬೇಕು, 46,000 ಅಂದರು. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಬೋರ್ಡಿಗೇ ಬೆಸುಗೆ ಆಗಿರುತ್ತವೆ. ಬೋರ್ಡ್ ಬದಲಾಯಿಸೋದು ಅಂದ್ರೆ ಹೆಚ್ಚುಕಮ್ಮಿ ಲ್ಯಾಪ್‌ಟಾಪನ್ನೇ ಬದಲಾಯಿಸಿದ ಹಾಗೆ. ಹೊಸದು ತಗೋ ಅಂತ ಗೆಳೆಯರೆಲ್ಲ ಹೇಳಿದರು. ತಗೊಂಡಿದ್ದರೆ ಅಪ್ಪನಿಗೆ ಅದು ಜೀವಮಾನದ ಲೆಕ್ಕ ಆಗುತ್ತಿತ್ತು. ಮನೆಗೆ ಯಾರೇ ಬರಲಿ, 'ನನ್ನಿಂದಾಗಿ ಇವನಿಗೆ ಒಂದು ಲಕ್ಷ ಖರ್ಚು' ಅಂತ ಹೇಳುತ್ತಿದ್ದರು. ಅವರು ಹಾಗೇ.

ಮೊದಲು ಎಸ್‌ಎಸ್‌ಡಿ ಬಿಚ್ಚಿ, ಯುಎಸ್‌ಬಿ ಎನ್‌ಕ್ಲೋಶರಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿದೆ. ಫೋಟೋ, ಫೈಲು ಎಲ್ಲ ಸುರಕ್ಷಿತ. (ಬಿಟ್‌ಲಾಕರ್ ಆನ್ ಇರುವವರು ರಿಕವರಿ ಕೀ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ನಾನು ಅರ್ಧ ದಿನ ಹುಡುಕಿದೆ.) ಆಮೇಲೆ ಎಸ್.ಪಿ. ರೋಡಿಗೆ ಹೋದೆ. ಒಂದು ಓಣಿ, ಕಡಿದಾದ ಮೆಟ್ಟಿಲು, ಮೇಲೆ ಇಬ್ಬರು ಕೂತರೆ ತುಂಬುವ ಅಂಗಡಿ. ರಿಪೇರಿಯವರು ಬೋರ್ಡ್ ಹೊರತೆಗೆದು ಮೊದಲು ತೋರಿಸಿದ್ದು ಲ್ಯಾನ್ ಚಿಪ್. ನಡುವೆ ಸಾಸಿವೆ ಕಾಳಿನಷ್ಟು ಕುಳಿ ಬಿದ್ದಿತ್ತು.

"ಫೈಬರ್ ಕನೆಕ್ಷನ್ ಸಾರ್ ನಮ್ದು, ಗಾಜಿನ ಎಳೆಯಲ್ಲಿ ಕರೆಂಟ್ ಬರಲ್ವಲ್ಲ" ಅಂದೆ.

"ಫೈಬರ್ ಬಾಕ್ಸಿಗೆ ಕರೆಂಟ್ ಎಲ್ಲಿಂದ ಕೊಟ್ಟಿದ್ದೀರಿ? ಅಲ್ಲಿಂದ ಬಂದಿದೆ, ಲ್ಯಾನ್ ಕೇಬಲ್ಲಲ್ಲಿ ಇದಕ್ಕೆ ಹಾರಿದೆ."

ಇನ್ನೊಂದು ದಾರಿ ಚಾರ್ಜರ್. 20 ವೋಲ್ಟಿನ ಮುಖ್ಯ ಲೈನು ನೆಲಕ್ಕೆ ಶಾರ್ಟ್ ಆಗಿತ್ತು. ಎಲ್ಲಿ ಶಾರ್ಟ್ ಅಂತ ಹುಡುಕುವ ಅವರ ಉಪಾಯ ನೋಡಿ ನನಗೆ ಖುಷಿಯಾಯ್ತು. ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ, ಲೈನಿಗೆ ಒಂದೇ ವೋಲ್ಟ್ ಕೊಟ್ಟರು. ಶಾರ್ಟ್ ಆದ ಭಾಗ ಬಿಸಿಯಾಗುತ್ತದೆ, ಅದರ ಮೇಲಿನ ಆಲ್ಕೊಹಾಲ್ ಎಲ್ಲಕ್ಕಿಂತ ಮೊದಲು ಆರುತ್ತದೆ. ಒದ್ದೆ ಬೋರ್ಡಿನ ಮೇಲೆ ಅಕ್ಕಿಕಾಳಿನಷ್ಟು ಜಾಗ ನಮ್ಮ ಕಣ್ಣೆದುರೇ ಒಣಗಿತು. ಒಂದು ಮಾಸ್‌ಫೆಟ್. ನಾಲ್ಕು ವರ್ಷ ಮಾಸ್‌ಫೆಟ್ ಚಿತ್ರ ಬರೆದು ಮಾರ್ಕ್ಸ್ ತಗೊಂಡವನು ನಾನು. ಸುಟ್ಟ ಮಾಸ್‌ಫೆಟ್ ನೋಡಿದ್ದು ಅವತ್ತೇ.

ಅದನ್ನು ಬದಲಾಯಿಸಿದರು. ಲ್ಯಾನ್ ಚಿಪ್ ಮಾತ್ರ ತೆಗೆದೇಬಿಟ್ಟರು. ಅದಿಲ್ಲದೆ ಲ್ಯಾಪ್‌ಟಾಪ್ ನಡೆಯುತ್ತದೆ, ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿಕೊಂಡರಾಯ್ತು. ರಿಪೇರಿಗೆ 5,500, ಹೊಸ ಚಾರ್ಜರಿಗೆ 3,500. ಹೇಗೂ ಬಿಚ್ಚಿದೆಯಲ್ಲ ಅಂತ ರ್‍ಯಾಮ್ 8 ಜಿಬಿಯಿಂದ 16ಕ್ಕೆ ಏರಿಸಿ, ಥರ್ಮಲ್ ಪೇಸ್ಟ್ ಹೊಸದು ಹಾಕಿಸಿದೆ. ಐದು ವರ್ಷದ ಹಳೇ ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿತ್ತು.

ದುಡ್ಡು ಕೊಡುವಾಗ ಅವರು ಕೇಳಿದರು, "ನಿಮ್ಮ ಊರ ಮನೇಲಿ ಅರ್ಥಿಂಗ್ ಇದ್ಯಾ?"

"ತ್ರೀ ಪಿನ್ ಸಾಕೆಟ್ ಇದೆ."

"ಸಾಕೆಟ್ ಕೇಳಿಲ್ಲ ಸಾರ್ ನಾನು."

ಜುಮ್ ಅನ್ನೋದು ನೆನಪಾಗಿದ್ದು ಆಗ. ಚಾರ್ಜರಿನೊಳಗೆ ಫೇಸು, ನ್ಯೂಟ್ರಲ್ ಎರಡರಿಂದಲೂ ಹೊರ ಲೋಹದ ಕಡೆಗೆ ಪುಟ್ಟ ಕೆಪಾಸಿಟರುಗಳಿರುತ್ತವೆ. ಅಲ್ಲಿಗೆ ಬರುವ ಚೂರು ಕರೆಂಟು ಅರ್ಥ್ ತಂತಿಯಲ್ಲಿ ಇಳಿದುಹೋಗಬೇಕು. ತಂತಿ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈ 230 ವೋಲ್ಟಿನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ. ಕರೆಂಟು ತೀರಾ ಕಮ್ಮಿ, ಹಾಗಾಗಿ ಬರೀ ಜುಮ್. ಸ್ಪೈಕ್ ಗಾರ್ಡ್ ಇತ್ತಲ್ಲ ಅಂದೆ. ಸ್ಪೈಕ್ ಗಾರ್ಡ್ ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ತಳ್ಳಬೇಕಾದರೂ ನೆಲದ ದಾರಿ ಬೇಕು. ಅಷ್ಟು ಹತ್ತಿರದ ಸಿಡಿಲಿಗೆ ಅರ್ಥಿಂಗ್ ಇದ್ದರೂ ಗ್ಯಾರಂಟಿ ಇಲ್ಲ, ಪ್ಲಗ್ ಕೀಳೋದೇ ಸರಿ ಅಂತಲೂ ಅವರು ಹೇಳಿದರು.

ಮುಂದಿನ ವೀಕೆಂಡ್ ಊರಿಗೆ ಹೋಗಿ, ಮೇನ್ ಆಫ್ ಮಾಡಿ, ಸಾಕೆಟ್ ಬಿಚ್ಚಿದೆ. ಕೆಳಗಿನ ಎರಡಕ್ಕೆ ತಂತಿ ಇತ್ತು. ಮೇಲಿನ ದೊಡ್ಡ ತೂತಿನ ಹಿಂದೆ ಖಾಲಿ ಸ್ಕ್ರೂ, ಜೇಡರ ಬಲೆ. ಯಾವ ಪುಣ್ಯಾತ್ಮನ ಕೆಲಸ ಇದು ಅಂತ ಒಂದು ಕ್ಷಣ ಅನ್ನಿಸಿತು. ಆಮೇಲೆ ಗೊತ್ತಾಯ್ತು. 2014, ಸೆಕೆಂಡ್ ಇಯರ್ ರಜೆ. ಹಳೇ ಟೂ ಪಿನ್ ಕಿತ್ತು ಈ ಸಾಕೆಟ್ ಹಾಕಿದ್ದು ನಾನೇ. ಇಂಜಿನಿಯರ್ ಆಗ್ತಿದ್ದೀನಲ್ಲ ಅನ್ನೋ ಗತ್ತಿನಲ್ಲಿ. ಫ್ರಿಜ್‌ನ ಸಾಕೆಟ್ಟೂ ಅವತ್ತಿನದೇ, ಅದಕ್ಕೂ ಇಲ್ಲ. ಅಮ್ಮ ಫ್ರಿಜ್ ತೆಗೆಯುವಾಗೆಲ್ಲ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ನೆಲ ತಣ್ಣಗಿದೆ ಅಂತ ಇರಬೇಕು ಅಂದ್ಕೊಂಡಿದ್ದೆ.

ಟಾರ್ಚ್ ಹಿಡಿದು ನಿಂತಿದ್ದ ಅಪ್ಪನಿಗೆ ಹೇಳಿದೆ, "ಇದು ನಂದೇ ತಪ್ಪು. ಅರ್ಥ್ ತಂತಿ ಹಾಕಿಲ್ಲ ನಾನು."

ಅಪ್ಪ ಟಾರ್ಚ್ ಇನ್ನೂ ಹತ್ತಿರ ತಂದು ಒಳಗೆ ಇಣುಕಿದರು. "ಅವತ್ತೇ ಕೇಳಿದ್ದೆ ಮಾರಾಯ, ಮೇಲಿನ ತೂತಿಗೆ ಎಂತದೂ ಬೇಡ್ವಾ ಅಂತ. ಬೇಡ ಅಂದಿದ್ದೆ ನೀನು."

ಹೊರಗಿನ ಕೆಲಸಕ್ಕೆ ಪೇಟೆಯಿಂದ ಎಲೆಕ್ಟ್ರಿಷಿಯನ್ ಬಂದರು. ಬಚ್ಚಲಮನೆ ಹಿಂದೆ, ಯಾವಾಗಲೂ ಹಸಿ ಇರುವ ಜಾಗದಲ್ಲಿ ಗುಂಡಿ ತೋಡಿ, ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದೆವು. ಫೇಸಿಗೂ ಅರ್ಥಿಗೂ ನಡುವೆ ಬಲ್ಬ್ ಹಿಡಿದಾಗ ಜಗ್ ಅಂತ ಹೊತ್ತಿತು. ಕೊನೆಗೆ ಮೇನಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದೆ. ಅಪ್ಪ ಕಳಿಸಿದ್ದ ಹತ್ತು ಸಾವಿರ ಇದಕ್ಕೇ ಹೋಯ್ತು, ಮೇಲೆ ನಾನು ಸ್ವಲ್ಪ ಹಾಕಿದೆ.

ಸಂಜೆ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಅಪ್ಪನನ್ನು ಕರೆದೆ. ಅವರು ಪಂಚೆಗೆ ಕೈ ಒರೆಸಿಕೊಂಡು, ಅಂಗೈಯನ್ನು ಮುಚ್ಚಳದ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು.

"ಎಂತದೂ ಇಲ್ಲ" ಅಂದರು.

ಈಗ ಬೇಸಿಗೆಯಲ್ಲಿ ಆ ಗುಂಡಿಗೆ ದಿನಾ ಎರಡು ಕೊಡ ನೀರು ಹಾಕುತ್ತಾರೆ. ವಾರಕ್ಕೊಂದು ಕೊಡ ಸಾಕು ಅಂದರೂ ಕೇಳುವುದಿಲ್ಲ.