ಅಕ್ಷರ ಹಾಳೆ ಬಿಟ್ಟ ಮೇಲೆ

ಟ್ರೇಸಿಂಗ್ ಪೇಪರಿನ ಮೇಲೆ ರೋಟ್ರಿಂಗ್ ಪೆನ್ನು ಓಡುತ್ತಿದ್ದ ಕಾಲದಲ್ಲಿ ನಕ್ಷೆಯ ಅಕ್ಷರ ಕೆಡಬೇಕಾದರೆ ಶಾಯಿ ಹರಡಬೇಕಿತ್ತು, ಇಲ್ಲವೆ ಬರೆಯುವವರ ಕೈ ತಪ್ಪಬೇಕಿತ್ತು. ಎತ್ತರ 2.5, 3.5, 5 ಮಿಲಿಮೀಟರ್. ಗೆರೆಯ ದಪ್ಪ ಎತ್ತರದ ಹತ್ತನೇ ಅಥವಾ ಹದಿನಾಲ್ಕನೇ ಒಂದು ಪಾಲು. ಹೀಗೆಂದು ಮಾನಕ ಹೇಳುತ್ತಿತ್ತು, ಸ್ಟೆನ್ಸಿಲ್ ಪಾಲಿಸುತ್ತಿತ್ತು. ಅಮೋನಿಯಾ ಪ್ರಿಂಟು ಎಷ್ಟೇ ಮಸುಕಾದರೂ 16 ಎಂದು ಬರೆದದ್ದು ಬೇರೊಂದಾಗಿ ಹೊರಬರುತ್ತಿರಲಿಲ್ಲ. ಕಂಪ್ಯೂಟರ್ ನಕ್ಷೆಗಳಲ್ಲಿ ಆ ಭರವಸೆ ಹೋಯಿತು. ತೆರೆಯ ಮೇಲೆ ಸರಿಯಾಗಿದ್ದದ್ದು ಕಾಗದದಲ್ಲಿ ಪ್ರಶ್ನಾರ್ಥಕ ಚಿಹ್ನೆಯಾದಾಗ ಬೈಗುಳ ತಿಂದದ್ದು ಪ್ಲಾಟರು, ಅದರ ಡ್ರೈವರು, ಕೊನೆಗೆ ಪ್ಲಾಟಿಂಗ್ ಅಂಗಡಿಯ ಹುಡುಗ. ಬಹುಪಾಲು ಸಲ ತಪ್ಪು ಈ ಮೂವರದ್ದೂ ಅಲ್ಲ. ಅಕ್ಷರ ನಕ್ಷೆಯನ್ನು ಬಿಟ್ಟು ಬೇರೆ ಕಡತದಲ್ಲಿ ವಾಸಿಸತೊಡಗಿದ್ದೇ ಇದರ ಮೂಲ.

1982ರಲ್ಲಿ ಆಟೋಕ್ಯಾಡ್ ಬಂದಾಗ ಅದರ ನಕ್ಷೆಗಳನ್ನು ಎಳೆಯುತ್ತಿದ್ದದ್ದು ಪೆನ್ ಪ್ಲಾಟರು. ಪೆನ್ನಿಗೆ ಗೆರೆ ಮಾತ್ರ ಗೊತ್ತು. ಆದ್ದರಿಂದ ಅಕ್ಷರಗಳೂ ಗೆರೆಗಳಾದವು. ಎಸ್‌ಎಚ್‌ಎಕ್ಸ್ ಎಂಬ ಪ್ರತ್ಯೇಕ ಕಡತಗಳಲ್ಲಿ ಕುಳಿತವು. ನಕ್ಷೆಯ ಡಿಡಬ್ಲ್ಯುಜಿ ಕಡತದಲ್ಲಿ ಉಳಿದದ್ದು ಪಠ್ಯ ಮತ್ತು ಫಾಂಟಿನ ಹೆಸರು ಅಷ್ಟೇ. ಆ ಫಾಂಟು ಇಲ್ಲದ ಯಂತ್ರ ಸಿಂಪ್ಲೆಕ್ಸ್‌ನಂಥ ಬದಲಿಯೊಂದನ್ನು ತಂದು ಕೂರಿಸುತ್ತದೆ. ಕಚೇರಿಗಳು ಕಬ್ಬಿಣದ ಸರಳಿನ ವ್ಯಾಸದ ಗುರುತಿಗೆಂದು ತಿದ್ದಿಕೊಂಡ ಸ್ವಂತ ಫಾಂಟುಗಳಿಗೆ ಈ ಬದಲಿ ಮಾರಕ: ಗುರುತು ಇದ್ದ ಜಾಗದಲ್ಲಿ ‘?’ ಬರುತ್ತದೆ, ಇಲ್ಲವೆ ಖಾಲಿ ಬೀಳುತ್ತದೆ. ‘?’ ಬಂದರೆ ಪುಣ್ಯ, ಕಣ್ಣಿಗಾದರೂ ಬೀಳುತ್ತದೆ. ಬದಲಿ ಅಕ್ಷರ ತುಸು ಅಗಲವಾಗಿದ್ದು ಟಿಪ್ಪಣಿ ಅಳತೆಯ ಗೆರೆಯ ಮೇಲೆ ಹರಿದರೆ, ಹಳೆಯ ಪ್ರತಿ ಪಕ್ಕದಲ್ಲಿಲ್ಲದೆ ಯಾರಿಗೂ ತಿಳಿಯದು.

ಪಿಡಿಎಫ್ ಕಳಿಸಿದರೆ ಮುಗಿಯಿತಲ್ಲ ಎನ್ನುತ್ತಾರೆ. ಮುದ್ರಣದ ಮಟ್ಟಿಗೆ ಇದು ನಿಜ, ಆದರೆ ಬರೆದವರ ಯಂತ್ರದಲ್ಲೇ ಮಾಡಿದ ಪಿಡಿಎಫ್ ಆಗಿದ್ದರೆ ಮಾತ್ರ. ಫಾಂಟಿಲ್ಲದ ಯಂತ್ರದಲ್ಲಿ ಮಾಡಿದರೆ ತಪ್ಪಿಗೇ ಮೊಹರು ಬಿದ್ದಂತೆ. ಗುತ್ತಿಗೆದಾರರಿಗೆ, ಸಲಹೆಗಾರರಿಗೆ ತಿದ್ದಬಲ್ಲ ನಕ್ಷೆ ಬೇಕೇ ಬೇಕಾದಾಗ ಪಿಡಿಎಫ್ ನೆರವಾಗುವುದಿಲ್ಲ. ಪಠ್ಯವನ್ನೆಲ್ಲ ಒಡೆದು ಗೆರೆ ಮಾಡಿಬಿಡಿ ಎಂಬ ಸಲಹೆಯೂ ಇದೆ. ಆಗ ಕಡತ ಉಬ್ಬುತ್ತದೆ, ಹುಡುಕಿದರೆ ಒಂದು ಪದವೂ ಸಿಗದು, ನಾಳೆ ಅಳತೆ ಬದಲಾದರೆ ಹೊಸದಾಗಿ ಬರೆಯಬೇಕು. ಇನ್ನು ಟ್ರೂಟೈಪ್ ಬಳಸುವ ವಾದ. 1990ರ ದಶಕದಲ್ಲಿ ಅದು ಬಂದದ್ದರಿಂದ ಏರಿಯಲ್‌ನಂಥವು ಎಲ್ಲ ಕಡೆ ಸಿಗುತ್ತವೆ, ಒಪ್ಪೋಣ. ಆದರೆ ಒಳಗೆ ತುಂಬಿದ ದಪ್ಪ ಅಕ್ಷರ ಸಣ್ಣ ಗಾತ್ರದಲ್ಲಿ, ಅದರಲ್ಲೂ ಏ1 ಹಾಳೆಯನ್ನು ಏ3ಗೆ ಇಳಿಸಿ ಮುದ್ರಿಸಿದಾಗ, ಮುದ್ದೆಯಾಗುತ್ತದೆ. ಒಂಟಿ ಗೆರೆಯ ಅಕ್ಷರ ಹಾಗಾಗುವುದು ಕಡಿಮೆ. ಇ-ಟ್ರಾನ್ಸ್‌ಮಿಟ್ ಬಳಸಿ ಫಾಂಟನ್ನೂ ಕಟ್ಟಿ ಕಳಿಸಬಹುದು, ಪರವಾನಗಿ ಅಡ್ಡ ಬಾರದಿದ್ದರೆ. ಹೀಗಾಗಿ ತಂತ್ರಾಂಶದ ಜೊತೆಗೇ ಬರುವ ಐಎಸ್‌ಒ ಮಾದರಿಯ ಫಾಂಟಿಗೆ ಇಡೀ ಕಚೇರಿ ಕಟ್ಟುಬೀಳುವುದೇ ನನಗೆ ಒಪ್ಪಿಗೆಯಾದ ದಾರಿ. ಅಂದವಿಲ್ಲ ಎಂಬ ಗೊಣಗಾಟ ಇದ್ದದ್ದೇ.

ಕನ್ನಡದಲ್ಲಿ ಈ ದಾರಿಯೂ ಇಲ್ಲ. ಜೊತೆಗೆ ಬರುವ ಗೆರೆ ಫಾಂಟುಗಳಲ್ಲಿ ನಮ್ಮ ಲಿಪಿಯೇ ಇಲ್ಲ. ಶೀರ್ಷಿಕೆ ಪಟ್ಟಿಗೆ ಹಳೆಯ ನುಡಿ, ಬರಹ ಫಾಂಟುಗಳನ್ನು ಬಳಸಿದ ನಕ್ಷೆಗಳಲ್ಲಿ ಕನ್ನಡವು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿ ಅಡಗಿತ್ತು. ಫಾಂಟಿಲ್ಲದ ಕಡೆ ತೆರೆದರೆ ಊರಿನ ಹೆಸರಿನ ಜಾಗದಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರಗಳು. ಯೂನಿಕೋಡ್ ಬಂದ ಮೇಲೆ ತುಂಗಾ ಇಲ್ಲದಿದ್ದರೆ ಇನ್ನೊಂದು ಕನ್ನಡ ಫಾಂಟು ಆ ಜಾಗಕ್ಕೆ ಬರಬಲ್ಲದು. ಆದರೂ ಹಳೆಯ ಕಡತಗಳ ಈ ಕಲಸುಮೇಲೋಗರದಿಂದ ನಷ್ಟ ಕಡಿಮೆ: ಯಾರೇ ನೋಡಿದರೂ ಹಾಳೆಯನ್ನು ವಾಪಸ್ ಕಳಿಸುತ್ತಾರೆ. ವ್ಯಾಸದ ಗುರುತು ಉದುರಿದ ಹಾಳೆ ಮಾತ್ರ ಸಹಿ ಹಾಕಿಸಿಕೊಂಡು ಸೈಟಿಗೆ ಹೋಗುತ್ತದೆ.