ಉಪ್ಪನ ಕ್ಯಾಸೆಟ್ಟುಗಳಿಗೆ ಒಂದು ಪೆಟ್ಟಿಗೆ

ನಮ್ಮ ಮನೆ ಉಪ್ಪಳದಲ್ಲಿ. ಹಿಂದಿನ ಮಳೆಗಾಲದ ಒಂದು ಸಂಜೆ ನನ್ನ ಮಗ ಓಡಿ ಬರುವಾಗ ಟೀವಿಗೆ ಸಿಕ್ಕಿಸಿದ್ದ ಹಾರ್ಡ್ ಡಿಸ್ಕಿನ ವಯರಿಗೆ ಕಾಲು ತಾಗಿ ಬಿದ್ದ. ಅವನಿಗೆ ಏನೂ ಆಗಲಿಲ್ಲ. ಡಿಸ್ಕ್ ಮಾತ್ರ ಮೇಜಿನಿಂದ ನೆಲಕ್ಕೆ ಬಿತ್ತು. ಮತ್ತೆ ಸಿಕ್ಕಿಸಿದರೆ ಟಿಕ್ ಟಿಕ್ ಎಂದು ಸದ್ದು ಮಾಡಿತೇ ಹೊರತು ತೆರೆಯಲಿಲ್ಲ. ಅದರಲ್ಲಿ ತಂಗಿಯ ಮದುವೆಯ ವೀಡಿಯೊ ಇತ್ತು. ಮೂಲ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ, ಹೇಗೂ ಡಿಸ್ಕಿಗೆ ಹಾಕಿ ಆಯಿತಲ್ಲ ಎಂದು ಅದನ್ನು ನಾನೇ ಎಸೆದಿದ್ದೆ.

ಡೇಟಾ ತೆಗೆದುಕೊಡುವವರ ಹತ್ತಿರ ಹೋಗಿ ಕೇಳಿದೆ. ಅವರು ಹೇಳಿದ ದರ ದೊಡ್ಡದು, ಸಿಗುವುದು ಖಾತ್ರಿ ಇಲ್ಲ ಎಂದೂ ಹೇಳಿದರು. ತಂಗಿಗೆ ಫೋನ್ ಮಾಡಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು, "ಅದರಲ್ಲಿ ಉಪ್ಪ ನಗುವುದು ಇತ್ತು" ಎಂದಳು, ಮತ್ತೆ ಬೇರೆ ಮಾತು ತೆಗೆದಳು. ಬೈದಿದ್ದರೆ ಒಳ್ಳೆಯದಿತ್ತು.

ಎರಡು ದಿನ ಕಳೆದು ಉಮ್ಮ ಕಪಾಟಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬ ತಂದು ನನ್ನ ಮುಂದೆ ಇಟ್ಟರು. ಒಳಗೆ 23 ಆಡಿಯೊ ಕ್ಯಾಸೆಟ್ಟುಗಳು. ಎಂಬತ್ತರ ದಶಕದಲ್ಲಿ ಉಪ್ಪ ದಮ್ಮಾಮಿನಲ್ಲಿದ್ದಾಗ ಮಾತಾಡಿ ರೆಕಾರ್ಡ್ ಮಾಡಿ, ರಜೆಗೆ ಊರಿಗೆ ಬರುವವರ ಕೈಯಲ್ಲಿ ಕಳಿಸಿದವು. ಇಂಥ ಡಬ್ಬ ನಿಮ್ಮ ಮನೆಯಲ್ಲೂ ಇದ್ದೀತು. ಉಮ್ಮನಿಗೆ ಆಗ ಓದಲು ಬರುತ್ತಿರಲಿಲ್ಲ. ಉಪ್ಪನಿಗೆ ಬರೆಯಲು ಬರುತ್ತಿದ್ದದ್ದು ಕನ್ನಡ, ಮನೆಯ ಮಾತು ಬ್ಯಾರಿ. ಪತ್ರ ಬಂದರೆ ಓದಿ ಹೇಳಲು ಯಾರನ್ನಾದರೂ ಕರೆಯಬೇಕು. ಕ್ಯಾಸೆಟ್ ಆದರೆ ಬಾಗಿಲು ಹಾಕಿಕೊಂಡು ಒಬ್ಬರೇ ಕೇಳಬಹುದು.

"ಇದನ್ನೂ ಬೀಳಿಸಬೇಡ ಮೋನೆ" ಎಂದರು.

ನೆಟ್‌ವರ್ಕ್ ಸ್ಟೋರೇಜ್ ಬಗ್ಗೆ ನಾನು ಓದಲು ಸುರು ಮಾಡಿದ್ದು ಅಂದಿನಿಂದ. ನ್ಯಾಸ್ ಎಂದು ಕರೆಯುತ್ತಾರೆ. ಮನೆಯ ರೂಟರಿಗೆ ಸಿಕ್ಕಿಸಿ ಒಂದು ಮೂಲೆಯಲ್ಲಿ ಇಡುವ, ಒಳಗೆ ಡಿಸ್ಕ್ ಇರುವ ಪುಟ್ಟ ಕಂಪ್ಯೂಟರ್, ಅಷ್ಟೆ. ಅದರಲ್ಲಿ ಜೆಲ್ಲಿಫಿನ್‌ನಂಥ ತಂತ್ರಾಂಶ ಹಾಕಿದರೆ ಮನೆಯ ಟೀವಿಯಲ್ಲಿ, ಫೋನಿನಲ್ಲಿ, ಎಲ್ಲಿ ಬೇಕಾದರೂ ನೋಡಬಹುದು, ಕೇಳಬಹುದು. ಜೆಲ್ಲಿಫಿನ್ ಉಚಿತ. 2018ರಲ್ಲಿ ಎಂಬಿ ಎಂಬ ತಂತ್ರಾಂಶದಿಂದ ಕವಲೊಡೆದು ಬಂದದ್ದು. ಮುಖ್ಯವಾಗಿ, ಟೀವಿಗೆ ವಯರು ನೇತಾಡುವುದಿಲ್ಲ.

ಮೊದಲಿಗೆ ನನ್ನ ಕಣ್ಣು ನಾಲ್ಕು ಡಿಸ್ಕ್ ಹಿಡಿಯುವ ದೊಡ್ಡ ಪೆಟ್ಟಿಗೆಗಳ ಮೇಲೆ. ಮಸ್ಕತ್ತಿನಲ್ಲಿರುವ ತಮ್ಮ ಕೇಳಿದ, "ನಮ್ಮ ಹತ್ತಿರ ಇಡುವುದಕ್ಕೆ ಉಂಟಾದರೂ ಎಷ್ಟು, ಲೆಕ್ಕ ಹಾಕಿದ್ದೀರಾ?" ಹಾಕಿರಲಿಲ್ಲ. ಕೂತು ಹಾಕಿದೆವು. ಕ್ಯಾಸೆಟ್ಟಿನ ಒಂದು ಗಂಟೆಯನ್ನು ಏನೂ ಕುಗ್ಗಿಸದೆ ವೇವ್ ಫೈಲಾಗಿ ಇಟ್ಟರೂ ಸುಮಾರು 600 ಎಂಬಿ. ನಮ್ಮ 23 ಕ್ಯಾಸೆಟ್ ಒಂದೊಂದು ಗಂಟೆಯವು. ಒಟ್ಟು 14 ಜಿಬಿ ಕೂಡ ಇಲ್ಲ. ಮದುವೆ, ಸುನ್ನತ್, ಮನೆ ಒಕ್ಕಲಿನ ಡಿವಿಡಿಗಳು 30. ಒಂದರಲ್ಲಿ ಹೆಚ್ಚೆಂದರೆ 4.7 ಜಿಬಿ, ಒಟ್ಟು 141. ಎಲ್ಲರ ಫೋನಿನ ಫೋಟೊ, ವೀಡಿಯೊ ಸೇರಿ 600 ಜಿಬಿ. ಎಲ್ಲ ಕೂಡಿಸಿದರೂ 1 ಟಿಬಿ ಮುಟ್ಟಲಿಲ್ಲ. ಮುಂದಿನ ವರ್ಷಗಳಿಗೂ ಸೇರಿಸಿ 4 ಟಿಬಿ ಸಾಕು ಎಂದು ತೀರ್ಮಾನ ಆಯಿತು. ಪೆಟ್ಟಿಗೆ ನೋಡುವ ಮೊದಲೇ ಈ ಲೆಕ್ಕ ಹಾಕಿದ್ದರೆ ಹದಿನೈದು ದಿನದ ನಿದ್ದೆ ಉಳಿಯುತ್ತಿತ್ತು.

ಆಮೇಲೆ ಪ್ರೊಸೆಸರಿನ ಪ್ರಶ್ನೆ. ಕಡಿಮೆ ಬೆಲೆಯ ಎರಡು ಡಿಸ್ಕಿನ ನ್ಯಾಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಫೋನಿನಲ್ಲಿರುವಂಥ ಸಣ್ಣ ಚಿಪ್. ಫೈಲು ಇಟ್ಟು ತೆಗೆಯಲು ಅದು ಧಾರಾಳ. ಟೀವಿಗೆ ನೇರವಾಗಿ ಅರ್ಥವಾಗುವ ವೀಡಿಯೊ ಆದರೂ ತೊಂದರೆ ಇಲ್ಲ, ಫೈಲನ್ನು ಹಾಗೇ ದಾಟಿಸಿದರೆ ಆಯಿತು. ಆದರೆ ನಮ್ಮ ಹಳೆಯ ಡಿವಿಡಿಗಳು ಎಂಪೆಗ್-2. ಅದು ಗೊತ್ತಿಲ್ಲದ ಫೋನಿಗೆ, ಟೀವಿಗೆ ಕಳಿಸಬೇಕಾದರೆ ಸರ್ವರ್ ಆ ಕ್ಷಣದಲ್ಲೇ ಬೇರೆ ರೂಪಕ್ಕೆ ಬದಲಿಸಿ ಕೊಡಬೇಕು. ಟ್ರಾನ್ಸ್‌ಕೋಡಿಂಗ್ ಎನ್ನುವುದು ಇದಕ್ಕೇ. ಸಣ್ಣ ಚಿಪ್ ಇದರಲ್ಲಿ ಏದುಸಿರು ಬಿಡುತ್ತದೆ. ರಾಸ್ಪ್‌ಬೆರಿ ಪೈ 5 ಸಾಕಲ್ಲ ಎಂದು ಪರಿಚಯದ ಹುಡುಗ ಹೇಳಿದ. ಅದರಲ್ಲಿ ವೀಡಿಯೊ ಎನ್ಕೋಡ್ ಮಾಡುವ ಹಾರ್ಡ್‌ವೇರೇ ಇಲ್ಲ. ಇಂಟೆಲ್ ಚಿಪ್ಪುಗಳ ಕ್ವಿಕ್ ಸಿಂಕ್‌ಗೆ ಇದು ನೀರು ಕುಡಿದಷ್ಟು ಸುಲಭ. ಏಳನೇ ತಲೆಮಾರು ಮತ್ತು ಅದರ ನಂತರದ್ದಾದರೆ ಈಗಿನ 10 ಬಿಟ್ ಎಚ್ಇವಿಸಿ ವೀಡಿಯೊವನ್ನೂ ನಿಭಾಯಿಸುತ್ತದೆ.

ಎನ್100 ಚಿಪ್ಪಿನ ಪುಟ್ಟ ಪಿಸಿಗಳು ಚೆನ್ನಾಗಿವೆ, ಕರೆಂಟು ಬಹಳ ಕಡಿಮೆ ಕುಡಿಯುತ್ತವೆ. ಆದರೆ ಹೆಚ್ಚಿನವುಗಳಲ್ಲಿ ದೊಡ್ಡ ಡಿಸ್ಕಿಗೆ ಒಳಗೆ ಜಾಗವಿಲ್ಲ, ಯುಎಸ್‌ಬಿಯಲ್ಲಿ ಹೊರಗೆ ಇಡಬೇಕು. ಪುನಃ ವಯರು! ಅದು ಬೇಡವೇ ಬೇಡ ಎಂದೆ. ಕೊನೆಗೆ ತೆಗೆದುಕೊಂಡದ್ದು ಆಫೀಸಿನಲ್ಲಿ ಓಡಿ ಬಂದ, ಎಂಟನೇ ತಲೆಮಾರಿನ ಐ3 ಇರುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಒಳಗೆ ಎರಡು ದೊಡ್ಡ ಡಿಸ್ಕಿಗೆ ಜಾಗ ಉಂಟು. ಹತ್ತು ಸಾವಿರದೊಳಗೆ ಸಿಕ್ಕಿತು. ಕಂಪ್ಯೂಟರ್ ಹಳತು ಆಗಬಹುದು, ಡಿಸ್ಕ್ ಹೊಸತೇ ಬೇಕು: ಇದೊಂದು ವಿಷಯದಲ್ಲಿ ಚೌಕಾಸಿ ಮಾಡಲಿಲ್ಲ. ಕಂಪ್ಯೂಟರ್ ಹಾಳಾದರೆ ಇನ್ನೊಂದು ತರಬಹುದು. ಡಿಸ್ಕ್ ಕೊಳ್ಳುವಾಗ ಅದು ಸಿಎಂಆರ್ ಬಗೆಯದೇ ಎಂದು ನೋಡಿಕೊಂಡೆ. ಎಸ್ಎಂಆರ್ ಬಗೆಯವು ತುಂಬಾ ಹೊತ್ತು ಒಂದೇ ಸಮನೆ ಬರೆಯುವಾಗ ನಿಧಾನವಾಗುತ್ತವೆ.

ಇನ್ನು ರೇಡ್. ಎರಡು ಡಿಸ್ಕನ್ನು ಕನ್ನಡಿಯ ಹಾಗೆ ಜೋಡಿಸಿದರೆ ಒಂದು ಸತ್ತರೂ ಇನ್ನೊಂದು ಕೆಲಸ ಮಾಡುತ್ತದೆ. ಕೇಳಲು ಚಂದ. ಆದರೆ ನನ್ನ ಮಗ ಒಂದು ಫೈಲ್ ಅಳಿಸಿದರೆ ಕನ್ನಡಿಯಲ್ಲೂ ಆ ಕ್ಷಣವೇ ಅಳಿಯುತ್ತದೆ. ಒಂದು ದಿನ ಟೀವಿ ಓಡದಿದ್ದರೆ ನಮಗೆ ನಷ್ಟವೇನೂ ಇಲ್ಲ. ಕ್ಯಾಸೆಟ್ ಹೋದರೆ ಉಂಟು. ಹಾಗಾಗಿ ರೇಡ್ ಬಿಟ್ಟೆ. ಓಪನ್‌ಮೀಡಿಯಾವಾಲ್ಟ್ ಎಂಬ ಉಚಿತ ವ್ಯವಸ್ಥೆ ಹಾಕಿ, ರಾತ್ರಿ ಎರಡು ಗಂಟೆಗೆ ಮೊದಲ ಡಿಸ್ಕಿನಿಂದ ಎರಡನೆಯದಕ್ಕೆ ನಕಲಾಗುವಂತೆ, ಅಳಿಸಿದ್ದು ಒಂದು ತಿಂಗಳು ಅಲ್ಲೇ ಉಳಿಯುವಂತೆ ಮಾಡಿದೆ. ಮೂರನೇ ಪ್ರತಿ ಒಂದು ಸಣ್ಣ ಡಿಸ್ಕಿನಲ್ಲಿ ಮಂಗಳೂರಿನಲ್ಲಿರುವ ತಂಗಿಯ ಮನೆಯಲ್ಲಿದೆ. ಹಬ್ಬಕ್ಕೆ ಬರುವಾಗ ತರುತ್ತಾಳೆ, ಹೊಸದನ್ನು ತುಂಬಿಸಿ ಕಳಿಸುತ್ತೇನೆ. ಮನೆಗೆ ಸಿಡಿಲು ಬಡಿದರೆ ಒಂದೇ ಪೆಟ್ಟಿಗೆಯೊಳಗಿನ ಎರಡು ಡಿಸ್ಕೂ ಒಟ್ಟಿಗೆ ಹೋಗಬಹುದು. ತುಲಾ ತಿಂಗಳ ಗುಡುಗು ನೋಡಿದ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಒಂದು ಯುಪಿಎಸ್ ಇಟ್ಟಿದ್ದೇನೆ.

ಕರೆಂಟು ಬಿಲ್ಲಿನ ಬಗ್ಗೆ ಉಮ್ಮ ಕೇಳಿದರು. ಸುಮಾರು 25 ವ್ಯಾಟ್. ದಿನವಿಡೀ ಓಡಿದರೆ 0.6 ಯೂನಿಟ್, ನಮ್ಮ ಕಡೆ ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ 36 ಯೂನಿಟ್ ಹೆಚ್ಚಾಗುತ್ತದೆ. "ಆಗಲಿ" ಎಂದರು.

ಕ್ಯಾಸೆಟ್ಟುಗಳನ್ನು ಹಾಕಲು ಹಳೆಯ ಪ್ಲೇಯರಿಗೆ ಹೊಸ ಬೆಲ್ಟ್ ಹಾಕಿಸಿದೆ. ಮೊದಲನೆಯದು ಓಡುತ್ತಿದ್ದಂತೆ ಉಪ್ಪನ ಸ್ವರ ಬಂತು. ಸಲಾಂ ಹೇಳಿ, ಕೆಮ್ಮಿ, ಉಮ್ಮನ ಹೆಸರು ಹಿಡಿದು ಕರೆದರು. ನಮ್ಮ ಎದುರು ಅವರು ಹಾಗೆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಉಮ್ಮ ಬಾಗಿಲಲ್ಲಿ ನಿಂತಿದ್ದರು.

"ಇದು ಎಲ್ಲರಿಗೂ ಕೇಳುತ್ತದಾ? ಟೀವಿಯಲ್ಲಿ ಮಕ್ಕಳು ಒತ್ತಿದರೂ ಬರುತ್ತದಾ?"

ಡಿಸ್ಕು, ಚಿಪ್ಪು, ಯೂನಿಟ್ ಎಲ್ಲ ಲೆಕ್ಕ ಹಾಕಿದ್ದ ನಾನು ಇದನ್ನು ಯೋಚಿಸಿರಲಿಲ್ಲ. ಎಲ್ಲವೂ ಎಲ್ಲರಿಗೂ ಸಿಗಬೇಕು ಎಂದೇ ಇಷ್ಟು ಮಾಡಿದ್ದು. ನಾನು ರೆಕಾರ್ಡಿಗೆ ಹಾಕಿ, ಹೆಡ್‌ಫೋನ್ ತೆಗೆದು ಹೊರಗೆ ಬಂದೆ. ಉಳಿದ 22ನ್ನೂ ಹಾಗೇ ಮಾಡಿದೆ, ಸದ್ದು ಸೊನ್ನೆ ಮಾಡಿ, ಪರದೆಯ ಮೇಲಿನ ಗೆರೆ ಅಲುಗಾಡುವುದನ್ನು ಮಾತ್ರ ನೋಡುತ್ತಾ.

ಜೆಲ್ಲಿಫಿನ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡಿ, ಯಾವ ಸಂಗ್ರಹ ಯಾರಿಗೆ ಕಾಣಬೇಕು ಎಂದು ಆರಿಸಬಹುದು. ಮದುವೆ, ಹಬ್ಬ ಎಲ್ಲರಿಗೂ. ಕ್ಯಾಸೆಟ್ಟುಗಳು ಉಮ್ಮನ ಖಾತೆಗೆ ಮಾತ್ರ. ಅವರ ಫೋನಿನಲ್ಲಿ ಒತ್ತಿದರೆ ನೇರ ಅದೇ ತೆರೆಯುತ್ತದೆ, ಪಾಸ್‌ವರ್ಡ್ ಬೇರೆ ಹೊಡೆಯಬೇಕಾಗಿಲ್ಲ. ಪೆಟ್ಟಿಗೆ ನೋಡಿಕೊಳ್ಳುವವನು ನಾನಾದ್ದರಿಂದ ಫೈಲು ನನ್ನ ಕೈಗೆ ಸಿಗುತ್ತದೆ ಎಂಬುದನ್ನೂ ಹೇಳಿದೆ, ಮುಚ್ಚಿಡಲಿಲ್ಲ. "ನೀನು ಕೇಳುವುದಿಲ್ಲ, ನನಗೆ ಗೊತ್ತುಂಟು" ಎಂದರು. ನಿಮ್ಮ ನಂತರ ಇವನ್ನು ಏನು ಮಾಡಬೇಕು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಒಂದು ದಿನ ಹೇಳಿದರು, "ಏಳನೆಯದನ್ನು ನಿಮಗೆ ಕೊಡುತ್ತೇನೆ. ಅದರಲ್ಲಿ ನೀನು ಹುಟ್ಟಿದ ಸುದ್ದಿ ಕೇಳಿ ಮಾತಾಡಿದ್ದಾರೆ. ಬೇರೆಯದನ್ನು ನೋಡುವ."

ಏಳನೆಯದನ್ನು ಕಳೆದ ಶುಕ್ರವಾರ ಎಲ್ಲರೂ ಒಟ್ಟಿಗೆ ಕೂತು ಟೀವಿಯಲ್ಲಿ ಕೇಳಿದೆವು. ತಂಗಿ ಮಂಗಳೂರಿನಿಂದ ಬಂದಿದ್ದಳು. ನಡುವೆ ಒಂದು ಕಡೆ ಉಪ್ಪ ನಗುತ್ತಾರೆ. ಅವಳು ಅದನ್ನೇ ಮೂರು ಸಲ ಹಿಂದೆ ತಿರುಗಿಸಿದಳು.

ನಿಮ್ಮ ಕಪಾಟಿನಲ್ಲಿ, ಅಟ್ಟದಲ್ಲಿ ಇಂಥ ಡಬ್ಬ ಇದ್ದರೆ ಈ ಮಳೆಗಾಲದ ಮೊದಲು ತೆಗೆದು ನೋಡಿ. ನ್ಯಾಸ್ ಆಮೇಲೆ ತಂದರೂ ಆದೀತು, ಸದ್ಯಕ್ಕೆ ಎರಡು ಡಿಸ್ಕಿಗೆ ಹಾಕಿ ಎರಡು ಮನೆಯಲ್ಲಿ ಇಡಿ. ಮೂಲ ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡಿ. ಮತ್ತೆ, ಪ್ಲೇ ಒತ್ತುವ ಮೊದಲು ಅದು ಯಾರದ್ದೋ ಅವರನ್ನು ಒಂದು ಮಾತು ಕೇಳಿ.