ತೀರ್ಪಿನ ಭಯ ಕಳೆದ ಮೇಲೆ

ಅಕ್ರೋಟಿನಂಥ ಒಂದೇ ಒಂದು ಕಾಯಿ ಕದ್ದದ್ದಕ್ಕೆ ತಾಯಿ ರಕ್ತ ಬರುವ ಹಾಗೆ ಹೊಡೆದಳು. ಇನ್ನೊಮ್ಮೆ ತಂದೆ ಹೊಡೆದ ಏಟಿಗೆ ಹುಡುಗ ಮನಸ್ಸು ಮುರಿದು ದೂರವಾಗಿಬಿಟ್ಟ. ಮತ್ತೆ ಹತ್ತಿರ ಸೇರಿಸಿಕೊಳ್ಳಲು ತಂದೆಯೇ ಕಷ್ಟಪಡಬೇಕಾಯಿತು. ಶಾಲೆಯಲ್ಲಂತೂ ಒಂದೇ ಬೆಳಿಗ್ಗೆ 15 ಸಲ ಬೆತ್ತದ ರುಚಿ. ಮಾಡಿದ ತಪ್ಪಾದರೂ ಏನು? ಇನ್ನೂ ಪಾಠವೇ ಆಗದಿದ್ದ ಲ್ಯಾಟಿನ್ ವ್ಯಾಕರಣದ ರೂಪಗಳು ಬಾಯಿಗೆ ಬರಲಿಲ್ಲ, ಅಷ್ಟೆ.

ಇವು ಮಾರ್ಟಿನ್ ಲೂಥರ್ ದೊಡ್ಡವನಾದ ಮೇಲೆ ನೆನೆದು ಹೇಳಿದ ಮಾತುಗಳು. ಹುಟ್ಟಿದ್ದು 1483ರಲ್ಲಿ, ಜರ್ಮನಿಯ ಐಸ್ಲೇಬೆನ್ ಎಂಬ ಊರಿನಲ್ಲಿ. ತಂದೆ ಹಾನ್ಸ್ ತಾಮ್ರದ ಗಣಿಯ ಕೆಲಸದಿಂದ ಮೇಲೆ ಬಂದವನು. ಆ ಕಾಲದ ಶಾಲೆಗಳಲ್ಲಿ ಮಾತೃಭಾಷೆಯಾಡಿದವರ ಹೆಸರು ಬರೆದುಕೊಳ್ಳಲು ಮಕ್ಕಳಲ್ಲೇ ಒಬ್ಬನನ್ನು ಗುಟ್ಟಾಗಿ ನೇಮಿಸುತ್ತಿದ್ದರು. ಅವನಿಗೆ 'ತೋಳ' ಎಂದು ಹೆಸರು. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕನ್ನಡ ಮಾತಾಡಿ ದಂಡ ತೆತ್ತ ಮಕ್ಕಳಿಗೆ ಇದು ಹೊಸ ಸುದ್ದಿಯಾಗಿ ತೋರಲಾರದು.

ತಂದೆತಾಯಿ ತನ್ನ ಒಳ್ಳೆಯದಕ್ಕೇ ಹಾಗೆ ಮಾಡಿದರು ಎಂದು ಲೂಥರ್ ಒಪ್ಪಿಕೊಂಡಿದ್ದ. ಆದರೆ ಮನೆಯಲ್ಲಿ ಬೆತ್ತ, ಶಾಲೆಯಲ್ಲಿ ತೋಳನ ಪಟ್ಟಿ ಕಂಡ ಮಗು ದೇವರನ್ನು ಬೇರೆ ಹೇಗೆ ಕಲ್ಪಿಸಿಕೊಂಡೀತು? ಅಂದಿನ ಚಿತ್ರಗಳಲ್ಲಿ ಕ್ರಿಸ್ತನು ಕಾಮನಬಿಲ್ಲಿನ ಮೇಲೆ ಕುಳಿತ ನ್ಯಾಯಾಧೀಶ. ಆ ಚಿತ್ರ ಕಂಡರೆ ತಾನು ನಡುಗುತ್ತಿದ್ದುದನ್ನು ಲೂಥರ್ ಹೇಳಿಕೊಂಡಿದ್ದಾನೆ.

1505ರಲ್ಲಿ ಎರ್ಫರ್ಟ್ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಪದವಿ. 17 ಮಂದಿಯಲ್ಲಿ ಎರಡನೆಯ ಸ್ಥಾನ. ಮಗ ವಕೀಲನಾಗಬೇಕೆಂದು ತಂದೆಯ ಆಸೆ. ಅದೇ ವರ್ಷದ ಜುಲೈ 2ರಂದು ದಾರಿಯಲ್ಲಿ ಗುಡುಗು ಮಳೆಗೆ ಸಿಕ್ಕಿದ ಯುವಕ, ಸಿಡಿಲಿಗೆ ಹೆದರಿ, ಬದುಕಿದರೆ ಸನ್ಯಾಸಿಯಾಗುವೆನೆಂದು ಹರಕೆ ಹೊತ್ತ. ಹದಿನೈದು ದಿನಗಳಲ್ಲಿ ಅಗಸ್ಟೀನಿಯನ್ ಮಠದ ಬಾಗಿಲು ತಟ್ಟಿಯೇಬಿಟ್ಟ. ತಂದೆಯ ಕೋಪ ಬಹಳ ದಿನ ಇಳಿಯಲಿಲ್ಲ.

ಮಠದಲ್ಲಿ ಭಯ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಉಪವಾಸ, ಜಾಗರಣೆ, ಚಳಿಯಲ್ಲಿ ಹೊದಿಕೆಯಿಲ್ಲದ ರಾತ್ರಿಗಳು. ಗುರುಗಳ ಮುಂದೆ ಪಾಪನಿವೇದನೆಗೆ ಕುಳಿತರೆ ಒಮ್ಮೊಮ್ಮೆ ಆರು ಗಂಟೆ. ಹೇಳಿ ಮುಗಿಸಿ ಎದ್ದು ಹೋದವನು, ಮರೆತದ್ದೊಂದು ನೆನಪಾಗಿ ಮತ್ತೆ ಬರುತ್ತಿದ್ದ. ಮಠದ ಹಿರಿಯ ಸ್ಟೌಪಿಟ್ಸ್ ತಾಳ್ಮೆಯುಳ್ಳವನು; ಆತನೂ ಬೇಸತ್ತು, ಇಂಥ ಚಿಲ್ಲರೆ ತಪ್ಪುಗಳನ್ನು ಹೊತ್ತು ತರುವ ಬದಲು ಕ್ಷಮಿಸಲು ಯೋಗ್ಯವಾದ ಒಂದು ದೊಡ್ಡ ಪಾಪವನ್ನಾದರೂ ಮಾಡಿಕೊಂಡು ಬಾ ಎಂಬರ್ಥದಲ್ಲಿ ಗದರಿದ್ದುಂಟು.

ನಗು ಬರುವ ಪ್ರಸಂಗವೇ. ಆದರೆ ಯುವಕನ ಲೆಕ್ಕಾಚಾರದಲ್ಲಿ ದೋಷವಿರಲಿಲ್ಲ. ನಿವೇದಿಸಿದ ಪಾಪಕ್ಕೆ ಮಾತ್ರ ಕ್ಷಮೆ ಎನ್ನುವುದಾದರೆ ಪಟ್ಟಿ ಪೂರ್ಣವಾಗಿರಬೇಕು. ಮರೆತದ್ದರ ಗತಿಯೇನು? ತಪ್ಪೆಂದೇ ತಿಳಿಯದೆ ಮಾಡಿದ್ದರ ಗತಿಯೇನು? ದಂಡನೆಯ ಹೆದರಿಕೆಯಿಂದಷ್ಟೇ ಪಶ್ಚಾತ್ತಾಪಪಟ್ಟರೆ ಅದೂ ಒಂದು ಸ್ವಾರ್ಥವಲ್ಲವೇ? ಹೀಗೆ ಕೆದಕುತ್ತ ಹೋದರೆ ತಳವೇ ಸಿಗುವುದಿಲ್ಲ. ಇಷ್ಟೆಲ್ಲದರ ನಡುವೆ ಪಕ್ಕದ ಕೋಣೆಯಲ್ಲಿರುವವನ ಹಸಿವು, ಜ್ವರ ಯಾವುದೂ ಕಣ್ಣಿಗೆ ಬೀಳದು. ಇಡೀ ದಿನ ತನ್ನನ್ನು ತಾನೇ ನೋಡಿಕೊಳ್ಳುವುದರಲ್ಲಿ ಮುಗಿಯುತ್ತದೆ. ಭಯದ ಧರ್ಮದಲ್ಲಿ ಇದೊಂದು ಕೆಟ್ಟ ಗುಣ. ಅದು ವಿನಯದ ವೇಷದಲ್ಲಿ ಬರುವುದರಿಂದ ಗುರುತು ಸಿಗುವುದು ಕಷ್ಟ.

ಬಿಡುಗಡೆ ಬಂದದ್ದು ವಿಟೆನ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಬೈಬಲ್ ಪಾಠ ಹೇಳುತ್ತಿದ್ದ ದಿನಗಳಲ್ಲಿ. ಯಾವ ವರ್ಷವೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1515-16ರಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೇಲೆ ಲೂಥರ್ ಉಪನ್ಯಾಸ ಕೊಟ್ಟ. ಅದರಲ್ಲಿ ಬರುವ 'ದೇವರ ನೀತಿ' ಎಂಬ ಮಾತನ್ನು ತಾನು ದ್ವೇಷಿಸುತ್ತಿದ್ದೆ ಎಂದು ಆತ ಮುಪ್ಪಿನಲ್ಲಿ, 1545ರಲ್ಲಿ, ಬರೆದಿದ್ದಾನೆ. ದೇವರು ನೀತಿವಂತ, ಆದ್ದರಿಂದ ಪಾಪಿಯನ್ನು ಶಿಕ್ಷಿಸುತ್ತಾನೆ ಎಂದೇ ಅವನಿಗೆ ಕಲಿಸಿದ್ದರು. ಹಗಲಿರುಳು ಆ ವಾಕ್ಯದ ಮೇಲೆ ಯೋಚಿಸಿದಾಗ ಬೇರೊಂದು ಅರ್ಥ ಹೊಳೆಯಿತು. ಆ ನೀತಿ ಮನುಷ್ಯನಿಂದ ವಸೂಲು ಮಾಡುವ ಸಾಲವಲ್ಲ; ನಂಬಿದವನಿಗೆ ಕ್ರಿಸ್ತನ ಮೂಲಕ ದೇವರೇ ಕೊಡುವ ದಾನ. ಅದೇ ಪತ್ರದ ಏಳನೆಯ ಅಧ್ಯಾಯದಲ್ಲಿ ಪೌಲನು ಒಳ್ಳೆಯದನ್ನು ಬಯಸಿಯೂ ಮಾಡಲಾರದ ತನ್ನ ಸಂಕಟವನ್ನು ತೋಡಿಕೊಳ್ಳುತ್ತಾನೆ. ಎಂಟನೆಯ ಅಧ್ಯಾಯ ತೆರೆಯುವುದೇ, ಕ್ರಿಸ್ತನಲ್ಲಿರುವವರಿಗೆ ಇನ್ನು ಅಪರಾಧನಿರ್ಣಯವಿಲ್ಲ ಎಂಬ ಘೋಷಣೆಯಿಂದ. ಸಂಕಟ ಮುಗಿದ ಮೇಲೆ ಸಿಕ್ಕ ಬಹುಮಾನವಲ್ಲ ಅದು. ಸಂಕಟದ ಮಧ್ಯದಲ್ಲೇ ಬಂದ ತೀರ್ಪು.

ಲೋಕದ ಕ್ರಮ ಎಲ್ಲರಿಗೂ ಗೊತ್ತು. ಮೊದಲು ಓದು, ಆಮೇಲೆ ಪರೀಕ್ಷೆ, ಕೊನೆಗೆ ಫಲಿತಾಂಶ. ಇಲ್ಲಿ ಫಲಿತಾಂಶವನ್ನು ಮೊದಲೇ ಹೇಳಿ, ಇನ್ನು ಓದು ಎನ್ನುತ್ತಾರೆ! ಹಾಗಾದರೆ ಓದುವವರು ಯಾರು? ಪೌಲನ ಕಾಲದಲ್ಲೇ ಈ ಆಕ್ಷೇಪವಿತ್ತು. ಆತ ಆರನೆಯ ಅಧ್ಯಾಯದಲ್ಲಿ ಅದನ್ನು ತಾನೇ ಎತ್ತಿಕೊಂಡು ಉತ್ತರಿಸುತ್ತಾನೆ.

ಇದಕ್ಕೊಂದು ಉತ್ತರ ಭೌತಶಾಸ್ತ್ರದ ಪ್ರಯೋಗಾಲಯದಲ್ಲೂ ಸಿಗುತ್ತದೆ. ಸರಳ ಲೋಲಕವನ್ನು ತೂಗಿಬಿಟ್ಟು ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗ ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತ. ಉತ್ತರ 9.8ರ ಹತ್ತಿರ ಬರಬೇಕು. ಹುಡುಗನಿಗೆ 10.8 ಬಂತೆನ್ನಿ. ಅಂಕಕ್ಕೆ ಹೆದರಿದವನು ಅಳತೆಗಳನ್ನು ಹಿಂದಿನಿಂದ ತಿದ್ದಿ 9.8 ತಂದು ತೋರಿಸುತ್ತಾನೆ. ಪುಸ್ತಕ ಅಂದವಾಗಿರುತ್ತದೆ, ಮೇಷ್ಟರ ಸಹಿಯೂ ಬೀಳುತ್ತದೆ, ಕಲಿತದ್ದು ಮಾತ್ರ ಸೊನ್ನೆ. ತಪ್ಪಿಗೆ ಬೈಗುಳವಿಲ್ಲ ಎಂದು ಗೊತ್ತಿರುವವನು 10.8 ಎಂದೇ ಬರೆದು, ಎಲ್ಲಿ ಎಡವಿದೆ ಎಂದು ಹುಡುಕುತ್ತಾನೆ. ಗುಂಡು ಬಿಟ್ಟ ಕ್ಷಣವನ್ನು 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಸಿದ್ದರಿಂದ 19 ಆಂದೋಲನಗಳನ್ನೇ 20 ಎಂದುಕೊಂಡದ್ದು ಆಗ ಬಯಲಾಗುತ್ತದೆ. ತಪ್ಪನ್ನು ತಪ್ಪೆಂದು ನೋಡುವ ಧೈರ್ಯ ಬರುವುದು ಆ ತಪ್ಪಿಗಾಗಿ ತನ್ನನ್ನು ಹೊರಗೆ ಹಾಕುವುದಿಲ್ಲ ಎಂಬ ಭರವಸೆ ಇದ್ದವನಿಗೇ. ಮಾರ್ಕ್ಸ್ ಕಾರ್ಡನ್ನು ಮುಚ್ಚಿಟ್ಟು ಅಪ್ಪನ ಸಹಿಯನ್ನು ತಾನೇ ಹಾಕುವ ಮಕ್ಕಳು ಸಾಮಾನ್ಯವಾಗಿ ದುಷ್ಟರಲ್ಲ, ಹೆದರಿದವರು.

1520ರಲ್ಲಿ ಲೂಥರ್ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ದೇವರ ಮುಂದೆ ಯಾರ ಹಂಗೂ ಇಲ್ಲದವನು ಮನುಷ್ಯರ ಮುಂದೆ ಎಲ್ಲರ ಸೇವಕ ಎಂಬುದು ಅದರ ತಿರುಳು. ತನಗೆ ಪುಣ್ಯ ಗಳಿಸಿಕೊಳ್ಳಬೇಕಾದ ಗರಜು ಇಲ್ಲದವನು ಮಾಡುವ ಉಪಕಾರ ನಿಜವಾಗಿ ನೆರೆಯವನಿಗೆ ಸೇರುತ್ತದೆ. ಇಲ್ಲದಿದ್ದರೆ ಭಿಕ್ಷುಕನ ತಟ್ಟೆಗೆ ಹಾಕಿದ ಕಾಸು ಕೂಡ ಸ್ವರ್ಗದ ಬ್ಯಾಂಕಿನಲ್ಲಿಟ್ಟ ಠೇವಣಿಯಷ್ಟೆ.

ಹೀಗೆ ನೋಡಿದರೆ ಪವಿತ್ರ ಕೆಲಸ, ಸಾಧಾರಣ ಕೆಲಸ ಎಂಬ ಗೋಡೆಯೂ ನಿಲ್ಲುವುದಿಲ್ಲ. 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತ ಲೂಥರ್, ಮಗುವಿನ ಗಲೀಜು ಬಟ್ಟೆ ಒಗೆಯುವ ತಂದೆಯನ್ನು ನೋಡಿ ಊರವರು ನಕ್ಕರೂ ದೇವರು ಸಂತೋಷಪಡುತ್ತಾನೆ ಎಂದ. ಐನೂರು ವರ್ಷಗಳ ಹಿಂದಿನ ಮಾತು. ಇವತ್ತಿಗೂ ಎಷ್ಟು ಮನೆಗಳಲ್ಲಿ ನಡೆದಿದೆಯೋ! 1525ರಲ್ಲಿ ಆತ ಮಠ ಬಿಟ್ಟುಬಂದಿದ್ದ ಕ್ಯಾಥರೀನಾಳನ್ನು ಮದುವೆಯಾದ. ಆರು ಮಕ್ಕಳು, ಮನೆ ತುಂಬ ವಿದ್ಯಾರ್ಥಿಗಳು, ತೋಟ, ಸಂಗೀತ. ಅದಕ್ಕೂ ಒಂದು ವರ್ಷ ಮೊದಲೇ ಜರ್ಮನಿಯ ನಗರಗಳ ಆಡಳಿತಗಾರರಿಗೆ ಶಾಲೆ ತೆರೆಯಿರೆಂದು ಬಹಿರಂಗ ಪತ್ರ ಬರೆದಿದ್ದ. ಹೆಣ್ಣುಮಕ್ಕಳಿಗೂ ಪಾಠವಿರಬೇಕು, ತಾವು ಕಂಡಂಥ ನರಕ ಮಕ್ಕಳಿಗೆ ಬೇಡ ಎಂಬುದು ಅದರಲ್ಲಿತ್ತು.

ಕ್ಷಮೆಯೆಂದರೆ ತಪ್ಪಿನ ಪರಿಣಾಮವೂ ಅಳಿಸಿಹೋಯಿತೆಂದಲ್ಲ. ಲೂಥರನ ಕ್ಷೌರಿಕ ಪೀಟರ್ ಹಳೆಯ ಸ್ನೇಹಿತ. ಪ್ರಾರ್ಥನೆ ಮಾಡುವುದು ಹೇಗೆಂದು ಆತ ಕೇಳಿದ್ದಕ್ಕೆ ಲೂಥರ್ 1535ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದುಕೊಟ್ಟ. ಅದೇ ವರ್ಷ ಈಸ್ಟರ್ ಹಬ್ಬದ ಸಮಯದಲ್ಲಿ ಊಟದ ಮನೆಯಲ್ಲಿ ಪೀಟರ್ ತನ್ನ ಅಳಿಯನನ್ನು ಇರಿದು ಕೊಂದುಬಿಟ್ಟ. ಲೂಥರ್ ಅವನ ಪರವಾಗಿ ಬೇಡಿಕೊಂಡ; ತಲೆ ಉಳಿಯಿತು. ಆದರೆ ಆಸ್ತಿ ಹೋಯಿತು, ಊರು ಬಿಡಬೇಕಾಯಿತು. ಪುಸ್ತಿಕೆಯಿಂದ ಪೀಟರನ ಹೆಸರನ್ನು ಮಾತ್ರ ಯಾರೂ ಕಿತ್ತುಹಾಕಲಿಲ್ಲ.

ಲೂಥರನ ಎಲ್ಲ ಬರಹವೂ ಈ ಎತ್ತರದ್ದಲ್ಲ. 1525ರಲ್ಲಿ ದಂಗೆಯೆದ್ದ ರೈತರನ್ನು ಬಡಿಯಿರೆಂದು ಅರಸರಿಗೆ ಬರೆದದ್ದು, 1543ರಲ್ಲಿ ಯೆಹೂದ್ಯರ ವಿರುದ್ಧ ಕಾರಿದ ವಿಷ, ಇವಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ತನಗೆ ಸಿಕ್ಕ ದಯೆಯನ್ನು ಇನ್ನೊಬ್ಬರಿಗೆ ಅಳೆದುಕೊಡುವಾಗ ಆತನ ಕೈಯೂ ಬಿಗಿಯಾಯಿತು. ಆತನಿಂದ ಒಡೆದ ಎರಡು ಸಭೆಗಳು, ಕಥೋಲಿಕರು ಮತ್ತು ಲೂಥರನ್ನರು, ಕೃಪೆಯಿಂದಲೇ ಮನುಷ್ಯ ನೀತಿವಂತನೆನಿಸಿಕೊಳ್ಳುವ ಈ ವಿಷಯದಲ್ಲಿ ಮೂಲಭೂತವಾಗಿ ಒಪ್ಪುತ್ತೇವೆಂದು ಸಹಿ ಹಾಕಲು 1999ರ ಅಕ್ಟೋಬರ್ 31 ಬರಬೇಕಾಯಿತು.

ಬಿಡುಗಡೆ ಸಿಕ್ಕ ಮೇಲೆ ಲೂಥರನ ಮನಸ್ಸು ಸದಾ ಹಗುರವಾಗಿತ್ತೆಂದೂ ಅಲ್ಲ. ಕಡೆಯತನಕ ಕತ್ತಲೆಯ ದಿನಗಳು ಬರುತ್ತಿದ್ದವು. 1530ರಲ್ಲಿ ಕೋಬರ್ಗ್ ಕೋಟೆಯಲ್ಲಿ ತಿಂಗಳುಗಟ್ಟಲೆ ಒಂಟಿಯಾಗಿದ್ದಾಗ, ಮನೆಯಲ್ಲಿ ತನ್ನ ಮಗನಿಗೆ ಪಾಠ ಹೇಳುತ್ತಿದ್ದ ವೆಲ್ಲರ್ ಎಂಬ ಯುವಕ ಮಂಕಾಗಿದ್ದಾನೆಂದು ತಿಳಿಯಿತು. ಒಬ್ಬನೇ ಕೂರಬೇಡ, ಜನರೊಂದಿಗೆ ಸೇರು, ನಗು, ಆಟವಾಡು ಎಂದು ಅವನಿಗೆ ಬರೆದ. ಸೈತಾನ ನಿನ್ನ ಪಾಪಗಳನ್ನು ತೋರಿಸಿ ನೀನು ಶಿಕ್ಷೆಗೆ ಅರ್ಹನೆಂದರೆ ವಾದ ಹೂಡಬೇಡ, ಹೌದೆಂದು ಒಪ್ಪಿಬಿಡು, ಆ ಸಾಲವನ್ನು ತೀರಿಸಿದವನೊಬ್ಬನಿದ್ದಾನೆ ಎಂದು ಹೇಳು ಎಂಬುದು ಆ ಪತ್ರದ ಬುದ್ಧಿಮಾತು.

ಅದೇ ಕೋಟೆಗೆ ಜೂನ್ ಮೊದಲ ವಾರ ತಂದೆ ಹಾನ್ಸ್ ತೀರಿಕೊಂಡ ಸುದ್ದಿ ಬಂತು. ಲೂಥರ್ ಕೀರ್ತನೆಗಳ ಪುಸ್ತಕ ತೆಗೆದುಕೊಂಡು ಒಳಗೆ ಹೋಗಿ ಅತ್ತ. ಎರಡು ವಾರಗಳ ಮೇಲೆ, ಅಜ್ಜನ ಹೆಸರನ್ನೇ ಇಟ್ಟಿದ್ದ ನಾಲ್ಕು ವರ್ಷದ ಮಗನಿಗೆ ಒಂದು ಪತ್ರ ಬರೆದ. ಸೇಬು, ಪೇರು, ಚೆರ್ರಿ ಹಣ್ಣು ಬಿದ್ದಿರುವ ಸುಂದರವಾದ ತೋಟ, ಚಿನ್ನದ ಲಗಾಮಿನ ಪುಟ್ಟ ಕುದುರೆಗಳು, ಡೋಲು, ಕುಣಿತ. ಒಳ್ಳೆಯ ಮಕ್ಕಳಿಗೆ ಅಲ್ಲಿ ಪ್ರವೇಶ, ಗೆಳೆಯರನ್ನೂ ಕರೆತರಬಹುದು ಎಂದಿತ್ತು ಅದರಲ್ಲಿ. ಬೆತ್ತದ ಸುದ್ದಿಯಿರಲಿಲ್ಲ.

ಆ ಹುಡುಗ ಬೆಳೆದು ಏನೋ ತಪ್ಪು ಮಾಡಿದಾಗ ಇದೇ ತಂದೆ ಮೂರು ದಿನ ಅವನ ಮುಖ ನೋಡಲಿಲ್ಲ. ತಾಯಿಯೂ ಮಿತ್ರರೂ ಬೇಡಿಕೊಂಡರೂ ಕರಗಲಿಲ್ಲ; ಕ್ಷಮೆ ಕೇಳಿ ಬರೆದುಕೊಡಲಿ ಎಂದು ಕುಳಿತ. ಊಟದ ಮೇಜಿನಲ್ಲಿ ಆಡಿದ ಮಾತುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದ ವಿದ್ಯಾರ್ಥಿಗಳು ಇದನ್ನೂ ಬಿಡದೆ ಬರೆದಿಟ್ಟಿದ್ದಾರೆ. ಹುಡುಗ ಮುಂದೆ ಓದಿದ್ದು ಕಾನೂನು, ಅಜ್ಜ ತನ್ನ ಮಗನಿಗೆ ಬಯಸಿದ್ದ ಅದೇ ವಿದ್ಯೆ.